ಬೈಸಿಕೊಂಡದ್ದು ಮೊಲ: ಕ್ರೂಯೆಲ್ಟಿ ಫ್ರೀ ಸೌಂದರ್ಯವರ್ಧಕಗಳ ವಿಮರ್ಶೆ

ಶ್ಯಾಂಪೂ ಬಾರ್ ಹಚ್ಚಿದ ಮೇಲೆ ಕೂದಲು ಅಂಟಂಟು. ಡಿಯೋಡರೆಂಟ್ ಬದಲಿಸಿದ ಹತ್ತು ದಿನಕ್ಕೆ ಕಂಕುಳೆಲ್ಲ ಕೆಂಪು. ಲಿಪ್‌ಸ್ಟಿಕ್ ಗಟ್ಟಿ, ಎಳೆದರೆ ತುಂಡಾಗುತ್ತದೆ. ಕ್ರೂಯೆಲ್ಟಿ ಫ್ರೀ, ಅಂದರೆ ಪ್ರಾಣಿಗಳ ಮೇಲೆ ಪರೀಕ್ಷಿಸದ ವಸ್ತುಗಳಿಗೆ ಬದಲಾದವರ ದೂರುಗಳು ಹೆಚ್ಚುಕಡಿಮೆ ಇವೇ, ಮತ್ತು ಇವೆಲ್ಲ ನಿಜವಾದ ದೂರುಗಳೇ. ಆದರೆ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಲಿಲ್ಲ ಎಂಬ ಕಾರಣಕ್ಕೆ ಯಾವ ಶ್ಯಾಂಪೂವೂ ಕೂದಲನ್ನು ಅಂಟಾಗಿಸುವುದಿಲ್ಲ. ಕ್ರೂಯೆಲ್ಟಿ ಫ್ರೀ ಎಂದು ಸಾರುವ ಮೊಲದ ಚಿತ್ರವಿರುವ ಪೊಟ್ಟಣದ ಮೇಲೆ 'ನೈಸರ್ಗಿಕ', 'ಸಲ್ಫೇಟ್ ಇಲ್ಲ', 'ಅಲ್ಯೂಮಿನಿಯಂ ಇಲ್ಲ', 'ವೀಗನ್' (ಪ್ರಾಣಿಜನ್ಯ ವಸ್ತು ಇಲ್ಲ) ಎಂಬ ಮಾತುಗಳೂ ಒತ್ತೊತ್ತಾಗಿ ಕೂತಿರುತ್ತವೆ. ಕೊಳ್ಳುವವರು ಒಂದು ಬದಲಾವಣೆ ಮಾಡಿದೆವೆಂದುಕೊಂಡು ಒಂದೇ ಏಟಿಗೆ ನಾಲ್ಕು ಬದಲಾವಣೆ ಮಾಡಿರುತ್ತಾರೆ. ಕೆಡಿಸಿದ್ದು ಡಿಯೋಡರೆಂಟ್ ಒಳಗಿನ ಅಡುಗೆ ಸೋಡಾ, ಬೈಸಿಕೊಂಡದ್ದು ಮೊಲ.

ಹಾಗಾಗಿ ಇಲ್ಲಿ ಎರಡು ಬೇರೆ ವಿಮರ್ಶೆಗಳಿವೆ: ಮೊದಲು ಗುರುತುಗಳದ್ದು, ಆಮೇಲೆ ವಸ್ತುಗಳದ್ದು.

ಗುರುತುಗಳಲ್ಲಿ ಯಾವುದನ್ನು ನಂಬಬಹುದು

'ಕ್ರೂಯೆಲ್ಟಿ ಫ್ರೀ' ಎಂಬ ಮಾತಿಗೆ ಬಹುಪಾಲು ದೇಶಗಳ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲ. ಯಾವ ಚಿತ್ರಕಾರ ಬೇಕಾದರೂ ಒಂದು ಮೊಲ ಬರೆದು ಡಬ್ಬಿಯ ಮೇಲೆ ಅಂಟಿಸಬಹುದು. ಮೊಲವೇ ಏಕೆಂದರೆ, 1944ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಜಾನ್ ಡ್ರೇಜ್ ರೂಪಿಸಿದ ಕಣ್ಣಿನ ಉರಿ ಪರೀಕ್ಷೆ ನಡೆಯುತ್ತಿದ್ದದ್ದು ಮೊಲದ ಕಣ್ಣಿನ ಮೇಲೆ. ಮೊಲಕ್ಕೆ ಕಣ್ಣೀರು ಕಡಿಮೆ, ಹಾಕಿದ ವಸ್ತು ಬೇಗ ತೊಳೆದುಹೋಗುವುದಿಲ್ಲ, ಮೇಲಾಗಿ ಅದು ಸಾಧುಪ್ರಾಣಿ. ಇಂದು ಆ ಕೆಲಸದ ದೊಡ್ಡ ಭಾಗವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳ ಪದರಗಳು ಮಾಡುತ್ತವೆ. ಕಣ್ಣಿಗೆ ಬಳಸುವ ಒಂದು ಪರ್ಯಾಯ ವಿಧಾನಕ್ಕೆ ಮಾತ್ರ ಕಸಾಯಿಖಾನೆಯಿಂದ ತಂದ ದನದ ಕಣ್ಣಿನ ಪಾರಪಟಲ (ಕಾರ್ನಿಯಾ) ಬೇಕು. ಅದಕ್ಕೆಂದೇ ಪ್ರಾಣಿಯನ್ನು ಕೊಲ್ಲುವುದಿಲ್ಲವಾದ್ದರಿಂದ ಅದೂ ಪರ್ಯಾಯಗಳ ಲೆಕ್ಕಕ್ಕೇ ಸೇರುತ್ತದೆ. ಕಟ್ಟುನಿಟ್ಟಿನ ವೀಗನ್ನರಿಗೆ ಇದು ತಿಳಿದಿರಲಿ.

ನಮ್ಮ ಲೆಕ್ಕದಲ್ಲಿ ಮೊದಲ ಸ್ಥಾನ ಲೀಪಿಂಗ್ ಬನ್ನಿಗೆ, ಅಂದರೆ ನಕ್ಷತ್ರಗಳ ನಡುವೆ ಜಿಗಿಯುವ ಮೊಲಕ್ಕೆ. ಅಮೆರಿಕ ಮತ್ತು ಕೆನಡಾದಲ್ಲಿ ಇದನ್ನು ನಡೆಸುವುದು ಪ್ರಾಣಿರಕ್ಷಣಾ ಸಂಘಟನೆಗಳು 1996ರಲ್ಲಿ ಕಟ್ಟಿದ ಒಕ್ಕೂಟ, ಉಳಿದೆಡೆ ಕ್ರೂಯೆಲ್ಟಿ ಫ್ರೀ ಇಂಟರ್‌ನ್ಯಾಷನಲ್. ಇದರ ಬಲ ಮೂರು ಷರತ್ತುಗಳಲ್ಲಿದೆ. ಕಂಪನಿ ಒಂದು ದಿನಾಂಕವನ್ನು ಗೊತ್ತುಮಾಡಿ, ಅದರ ನಂತರ ತಾನಾಗಲಿ ತನಗೆ ಕಚ್ಚಾವಸ್ತು ಒದಗಿಸುವವರಾಗಲಿ ಪ್ರಾಣಿಪರೀಕ್ಷೆ ಮಾಡಿಲ್ಲ, ಮಾಡುವುದಿಲ್ಲ ಎಂದು ಒಪ್ಪಬೇಕು. ಸರಬರಾಜುದಾರರ ಮೇಲೆ ಕಣ್ಣಿಡುವ ಏರ್ಪಾಡು ಇರಬೇಕು, ಅದನ್ನು ಹೊರಗಿನವರು ತಪಾಸಣೆ ಮಾಡಲು ಬಿಡಬೇಕು. ಪ್ರತಿ ವರ್ಷ ಬದ್ಧತೆಯನ್ನು ನವೀಕರಿಸಬೇಕು. ದಿನಾಂಕದ ಷರತ್ತು ಏಕೆಂದರೆ, ಹಳೆಯ ಕಚ್ಚಾವಸ್ತುಗಳಲ್ಲಿ ಹೆಚ್ಚಿನವು ಎಂದೋ ಒಮ್ಮೆ ಪ್ರಾಣಿಗಳ ಮೇಲೆ ಪರೀಕ್ಷೆಯಾದವೇ. ಹಿಂದಿನದನ್ನು ಅಳಿಸಲಾಗುವುದಿಲ್ಲ, ಮುಂದಿನದನ್ನು ತಡೆಯಬಹುದು. ಒಂದು ಸಣ್ಣ ತೊಡಕಿದೆ: ಚಿಹ್ನೆಯನ್ನು ಪೊಟ್ಟಣದ ಮೇಲೆ ಮುದ್ರಿಸಲು ಬೇರೆ ಪರವಾನಗಿ ಬೇಕು. ಮಾನ್ಯತೆ ಪಡೆದೂ ಮುದ್ರಿಸದ ಬ್ರ್ಯಾಂಡುಗಳಿರುವುದರಿಂದ ಡಬ್ಬಿ ನೋಡಿ ತೀರ್ಮಾನಿಸದೆ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಹುಡುಕಬೇಕು.

ಎರಡನೆಯದು ಪ್ರಾಣಿಹಕ್ಕು ಸಂಘಟನೆಯಾದ ಪೆಟಾದ ಪಟ್ಟಿ. ಇದು ಕಂಪನಿ ಸಹಿ ಹಾಕಿಕೊಡುವ ಹೇಳಿಕೆಯ ಮೇಲೆ ನಿಂತಿದೆ, ಹೊರಗಿನ ತಪಾಸಣೆಯ ಕಟ್ಟುಪಾಡು ಇಲ್ಲಿಲ್ಲ. ಪಟ್ಟಿ ಬಹಳ ಉದ್ದವಾಗಿರುವುದರಿಂದ ಸಣ್ಣ ತಯಾರಕರನ್ನು ಹುಡುಕಲು ಅನುಕೂಲ. ವೀಗನ್ ಆಗಿರುವವನ್ನು ಬೇರೆಯಾಗಿ ಗುರುತಿಸುವುದು ಇದರ ಹೆಚ್ಚುಗಾರಿಕೆ. ಲೀಪಿಂಗ್ ಬನ್ನಿ ಇರುವ ಲಿಪ್ ಬಾಮ್‌ನಲ್ಲಿ ಜೇನುಮೇಣ ಇರಬಹುದು, ಅದು ನಿಯಮಕ್ಕೆ ವಿರುದ್ಧವಲ್ಲ. ವೀಗನ್ ಸೊಸೈಟಿಯ ಸೂರ್ಯಕಾಂತಿ ಗುರುತಿದ್ದರೆ ಪ್ರಾಣಿಜನ್ಯ ವಸ್ತುವೂ ಇಲ್ಲ, ಪರೀಕ್ಷೆಯೂ ಇಲ್ಲ. ಬರಿಯ 'ವೀಗನ್' ಎಂಬ ಅಕ್ಷರಗಳು ಮಾತ್ರ ಇದ್ದರೆ ಪರೀಕ್ಷೆಯ ವಿಷಯ ಗೊತ್ತಾಗುವುದಿಲ್ಲ.

ಕೊನೆಯ ಸ್ಥಾನ 'ಈ ಸಿದ್ಧವಸ್ತುವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ' ಎಂಬ ವಾಕ್ಯಕ್ಕೆ. ಇದು ಸುಳ್ಳಾಗಿರಬೇಕೆಂದಿಲ್ಲ, ಜಾಣತನದ್ದು. ಪರೀಕ್ಷೆ ನಡೆಯುವುದು ಬಹುತೇಕ ಕಚ್ಚಾವಸ್ತುಗಳ ಹಂತದಲ್ಲಿ, ಸಿದ್ಧವಾದ ಕ್ರೀಮಿನ ಹಂತದಲ್ಲಲ್ಲ. 'ಕಾನೂನು ಕೇಳಿದ ಕಡೆ ಹೊರತುಪಡಿಸಿ' ಎಂಬ ಬಾಲ ಸೇರಿದ್ದರೆ ಆ ಕಂಪನಿ ಪ್ರಾಣಿಪರೀಕ್ಷೆ ಕೇಳುವ ಮಾರುಕಟ್ಟೆಯಲ್ಲೂ ಮಾರುತ್ತಿದೆ ಎಂದು ಓದಿಕೊಳ್ಳಬಹುದು. ಚೀನಾ 2021ರ ಮೇ 1ರಿಂದ ಸಾಮಾನ್ಯ ವರ್ಗದ ಆಮದು ಸೌಂದರ್ಯವರ್ಧಕಗಳಿಗೆ, ಸರಿಯಾದ ತಯಾರಿಕಾ ಪ್ರಮಾಣಪತ್ರ ಮತ್ತು ಸುರಕ್ಷತಾ ವರದಿ ಇದ್ದರೆ, ಪ್ರಾಣಿಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತು. ಆದರೆ ಹೇರ್ ಡೈ, ಸನ್‌ಸ್ಕ್ರೀನ್, ಬಿಳುಪಿನ ಕ್ರೀಮು, ಕೂದಲು ಉದುರುವುದಕ್ಕೆ ಹಚ್ಚುವಂಥವು 'ವಿಶೇಷ' ವರ್ಗದಲ್ಲಿ ಬರುತ್ತವೆ, ಆ ವಿನಾಯಿತಿ ಅವಕ್ಕೆ ಸಲ್ಲಲಿಲ್ಲ. ಆದ್ದರಿಂದ 'ಚೀನಾದಲ್ಲಿ ಮಾರುತ್ತಾರೆ, ಅಂದಮೇಲೆ ಮುಗಿಯಿತು' ಎಂಬ ಹಳೆಯ ಸೂತ್ರ ಈಗ ಪೂರ್ತಿ ಸರಿಯಲ್ಲ. ಏನನ್ನು ಮಾರುತ್ತಾರೆ ಎಂದೂ ನೋಡಬೇಕು.

ಯುರೋಪಿನ ಕಾನೂನಿಗೂ ಒಂದು ಸಂದಿ ಇದೆ. ಅಲ್ಲಿ ಸಿದ್ಧವಸ್ತುಗಳ ಪರೀಕ್ಷೆ 2004ರಲ್ಲಿ, ಕಚ್ಚಾವಸ್ತುಗಳದ್ದು 2009ರಲ್ಲಿ ನಿಂತಿತು. 2013ರ ಮಾರ್ಚ್ 11ರಿಂದ ಮಾರಾಟದ ನಿಷೇಧ ಪೂರ್ಣವಾಯಿತು. ಆದರೆ ಕಾರ್ಖಾನೆಯ ಕೆಲಸಗಾರರ ಸುರಕ್ಷತೆಗಾಗಿ ಇರುವ ರಾಸಾಯನಿಕ ಕಾನೂನು ಬೇರೆ. ಸನ್‌ಸ್ಕ್ರೀನ್‌ಗಳಲ್ಲಿ ಬಳಸುವ ಹೋಮೋಸಲೇಟ್ ಮತ್ತು ಎಥಿಲ್‌ಹೆಕ್ಸಿಲ್ ಸ್ಯಾಲಿಸಿಲೇಟ್ ಎಂಬ ಎರಡು ವಸ್ತುಗಳಿಗೆ ಆ ಕಾನೂನಿನಡಿ ಪ್ರಾಣಿಪರೀಕ್ಷೆ ಬೇಕೆಂದಾಗ ತಯಾರಕ ಕಂಪನಿ ನ್ಯಾಯಾಲಯಕ್ಕೆ ಹೋಯಿತು, 2023ರ ನವೆಂಬರ್‌ನಲ್ಲಿ ಸೋತಿತು. ಭಾರತ 2014ರಲ್ಲೇ ಪರೀಕ್ಷೆಯನ್ನೂ, ಪರೀಕ್ಷೆಯಾದ ವಸ್ತುಗಳ ಆಮದನ್ನೂ ನಿಲ್ಲಿಸಿದೆ. ದೇಶದ ಕಾನೂನು ಕಂಪನಿಯ ಹೊರದೇಶದ ವಹಿವಾಟನ್ನು ಹಿಡಿಯುವುದಿಲ್ಲ, ಅದನ್ನು ಹಿಡಿಯುವುದು ಲೀಪಿಂಗ್ ಬನ್ನಿಯಂಥ ಗುರುತು.

ಇನ್ನು ಒಡೆತನದ ಪ್ರಶ್ನೆ. ಸಣ್ಣ ಬ್ರ್ಯಾಂಡ್ ಶುದ್ಧ, ಅದನ್ನು ಕೊಂಡ ದೊಡ್ಡ ಕಂಪನಿ ಅಲ್ಲ ಎಂಬ ಸ್ಥಿತಿ ಸಾಮಾನ್ಯ. ಬಾಡಿ ಶಾಪ್ 2006ರಿಂದ 2017ರವರೆಗೆ ಲೋರಿಯಾಲ್ ಕೈಯಲ್ಲಿತ್ತು, ಆಗ ಕೆಲವರು ಬಿಟ್ಟರು, ಕೆಲವರು ಉಳಿದರು. ಗುರುತು ಕೊಡುವವರು ಬ್ರ್ಯಾಂಡನ್ನಷ್ಟೇ ನೋಡುತ್ತಾರೆ, ಮಾಲೀಕರನ್ನಲ್ಲ. ಇದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ನಮ್ಮ ಅಭಿಪ್ರಾಯ ಕೇಳಿದರೆ, ದೊಡ್ಡ ಕಂಪನಿಯ ಅಂಗಡಿಸಾಲಿನಲ್ಲಿ ಕ್ರೂಯೆಲ್ಟಿ ಫ್ರೀ ವಸ್ತು ಹೆಚ್ಚು ಬಿಕರಿಯಾಗುವುದು ತಪ್ಪಲ್ಲ.

ಶ್ಯಾಂಪೂ ಬಾರ್

ಬದಲಾವಣೆಯಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಶ್ಯಾಂಪೂ ಬಾರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದು, ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ ಮಾಡಿದ ಸಾಬೂನು. ಹಿಂಬದಿಯ ಪಟ್ಟಿಯಲ್ಲಿ ಸೋಡಿಯಂ ಕೊಕೊಯೇಟ್, ಸೋಡಿಯಂ ಪಾಮೇಟ್, ಸೋಡಿಯಂ ಆಲಿವೇಟ್ ಎಂದಿದ್ದರೆ ಇದೇ. ಇನ್ನೊಂದು, ಸಿಂಡೆಟ್ ಎನ್ನುವ ಡಿಟರ್ಜೆಂಟ್ ಬಾರ್. ಅದರಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಸೋಡಿಯಂ ಕೊಕಾಯ್ಲ್ ಐಸೆಥಿಯೊನೇಟ್.

ಸಾಬೂನಿನ ಪಿಎಚ್ (ಆಮ್ಲ–ಕ್ಷಾರದ ಅಳತೆ, 7ಕ್ಕಿಂತ ಹೆಚ್ಚಾದರೆ ಕ್ಷಾರ) 9ರಿಂದ 10. ಆ ಕ್ಷಾರಕ್ಕೆ ಕೂದಲಿನ ಹೊರಪದರದ ಸಿಪ್ಪೆಗಳು ಎದ್ದು ನಿಲ್ಲುತ್ತವೆ, ಸಿಕ್ಕು ಹೆಚ್ಚುತ್ತದೆ, ಹಚ್ಚಿದ ಬಣ್ಣ ಬೇಗ ಮಾಸುತ್ತದೆ. ಗಡಸು ನೀರಾದರಂತೂ ಸಾಬೂನು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಕರಗದ ಜಿಡ್ಡಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಸ್ನಾನದ ಬಕೆಟ್ಟಿನ ಒಳಗೆ ಕಾಣುವ ಬಿಳಿ ಪೊರೆಯೇ ಇದು. ಮಾರುವವರು ಇದಕ್ಕೆ 'ಹೊಂದಿಕೊಳ್ಳುವ ಕಾಲ', 'ಕೂದಲಿನ ವಿಷ ಇಳಿಯುವ ಕಾಲ' ಎಂದೆಲ್ಲ ಹೆಸರಿಟ್ಟು ನಾಲ್ಕು ವಾರ ಕಾಯಿರಿ ಎನ್ನುತ್ತಾರೆ. ಕಾಯುವುದರಿಂದ ನೀರು ಮೆದುವಾಗುವುದಿಲ್ಲ. ಸಿಂಡೆಟ್ ಬಾರ್‌ನ ಪಿಎಚ್ 5–6ರ ಆಸುಪಾಸಿನಲ್ಲಿರುತ್ತದೆ, ಗಡಸು ನೀರಿನಲ್ಲೂ ಜಿಡ್ಡು ಕಟ್ಟುವುದಿಲ್ಲ, ಮೊದಲ ದಿನದಿಂದಲೇ ಸರಿ ಇರುತ್ತದೆ.

ಈಗಾಗಲೇ ಅಂಟಾಗಿದ್ದರೆ ಗಡಸು ನೀರಿನ ಲವಣಗಳನ್ನು ಹಿಡಿದು ತೆಗೆಯುವ ಇಡಿಟಿಎ ಅಥವಾ ಸೋಡಿಯಂ ಫೈಟೇಟ್ ಇರುವ ಶ್ಯಾಂಪೂವಿನಿಂದ ಒಂದೆರಡು ಸಲ ತೊಳೆಯಿರಿ. ಸಾಬೂನು ಬಾರನ್ನೇ ಮುಗಿಸಬೇಕೆಂದಿದ್ದರೆ ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಸುಮಾರು 15 ಮಿ.ಲೀ., ಸಾಧಾರಣ ವಿನೆಗರ್ ಬೆರೆಸಿ ಕೊನೆಗೆ ಸುರಿದುಕೊಂಡು ಮತ್ತೆ ಬರಿ ನೀರಿನಿಂದ ತೊಳೆಯಿರಿ. ಕಣ್ಣಿಗೆ ತಾಗಬಾರದು.

ಬಾರನ್ನು ಉದ್ದ ಕೂದಲಿನ ಮೇಲೆ ಹಿಂದೆ ಮುಂದೆ ಉಜ್ಜಬೇಡಿ, ಗಂಟು ಬೀಳುತ್ತದೆ. ಅಂಗೈಯಲ್ಲಿ ನಾಲ್ಕೈದು ಸುತ್ತು ತಿರುಗಿಸಿ ನೊರೆಯನ್ನು ಬುಡಕ್ಕೆ ಹಚ್ಚಿದರೆ ಸಾಕು. ಆಮೇಲೆ ಅದನ್ನು ನೀರು ಸೋರುವ ತಟ್ಟೆಯ ಮೇಲಿಡಿ. ಸಿಂಡೆಟ್ ಬಾರ್ ನೀರಿನಲ್ಲಿ ಕೂತರೆ ಹಿಟ್ಟಿನ ಮುದ್ದೆಯಂತಾಗುತ್ತದೆ, ಎರಡು ತಿಂಗಳು ಬರುವುದು ಮೂರು ವಾರಕ್ಕೆ ಕರಗಿಹೋಗುತ್ತದೆ. ತೀರ್ಪು: ಸಿಂಡೆಟ್‌ಗೆ ಪೂರ್ಣ ಅಂಕ, ಸಾಬೂನಿನ ಬಾರ್ ಮೆದುನೀರಿನವರಿಗೆ ಮಾತ್ರ. ಬಾರ್‌ಗೇ ಹೋಗಬೇಕೆಂಬ ನಿಯಮವೂ ಇಲ್ಲ ಎನ್ನುವುದನ್ನು ಜನ ಮರೆಯುತ್ತಾರೆ. ಕ್ರೂಯೆಲ್ಟಿ ಫ್ರೀ ದ್ರವ ಶ್ಯಾಂಪೂಗಳು ಬೇಕಾದಷ್ಟಿವೆ.

ಡಿಯೋಡರೆಂಟ್

ಬೆವರು ನಿಲ್ಲಿಸುವುದು ಬೇರೆ, ವಾಸನೆ ತಡೆಯುವುದು ಬೇರೆ. ಅಲ್ಯೂಮಿನಿಯಂ ಲವಣಗಳು ಬೆವರಿನ ನಾಳದ ಬಾಯಿಗೆ ತಾತ್ಕಾಲಿಕ ಬಿರಡೆ ಹಾಕುತ್ತವೆ. ಅವಿಲ್ಲದ ಡಿಯೋಡರೆಂಟ್ ಎಷ್ಟೇ ಒಳ್ಳೆಯದಾದರೂ ಅಂಗಿ ಒದ್ದೆಯಾಗಿಯೇ ಆಗುತ್ತದೆ. ಅಲ್ಯೂಮಿನಿಯಂ ಇದ್ದೂ ಕ್ರೂಯೆಲ್ಟಿ ಫ್ರೀ ಆಗಿರುವ ಬೆವರುನಿರೋಧಕಗಳಿವೆ. ಬೆವರು ನಿಲ್ಲಬೇಕಾದವರು ಅವನ್ನೇ ಕೊಳ್ಳಲಿ.

ಕಂಕುಳು ಕೆಂಪಾಗುವುದಕ್ಕೆ ಮುಖ್ಯ ಆರೋಪಿ ಅಡುಗೆ ಸೋಡಾ. ಅದರ ಪಿಎಚ್ ಸುಮಾರು 8.3, ಚರ್ಮದ್ದು 5ರ ಹತ್ತಿರ. ಮೊದಲ ವಾರ ಏನೂ ಆಗದೆ ಎರಡನೆಯ ವಾರ ಉರಿ ಶುರುವಾಗುವುದು ಇದರ ಗುಣ, ಅದಕ್ಕೇ ಜನಕ್ಕೆ ಕಾರಣ ಹೊಳೆಯುವುದಿಲ್ಲ. ಉರಿ ಕಂಡ ದಿನವೇ ನಿಲ್ಲಿಸಿ, ಚರ್ಮ ಪೂರ್ತಿ ಮಾಗಿದ ಮೇಲೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಅಥವಾ ಝಿಂಕ್ ರಿಸಿನೊಲಿಯೇಟ್ ಇರುವುದನ್ನು ನೋಡಿ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕೂಡ ಕ್ಷಾರವೇ, ಆದರೆ ನೀರಿನಲ್ಲಿ ಕರಗುವುದು ಬಹಳ ಕಡಿಮೆಯಾದ್ದರಿಂದ ಕಡಿಯುವುದಿಲ್ಲ. ಕ್ರೀಮಾದರೆ ಒಂದು ಕಂಕುಳಿಗೆ ಬಟಾಣಿ ಕಾಳಿನಷ್ಟು, ಹೆಚ್ಚು ಹಚ್ಚಿದರೆ ಬಟ್ಟೆಗೆ ಕಲೆ. ಕೂದಲು ತೆಗೆದ ದಿನ ಬೇಡ.

'ಅಲ್ಯೂಮಿನಿಯಂ ಕ್ಲೋರೊಹೈಡ್ರೇಟ್ ಇಲ್ಲ' ಎಂಬ ಚೀಟಿಯೊಂದಿಗೆ ಬರುವ ಹರಳಿನ ಡಿಯೋಡರೆಂಟ್ ಮತ್ತೇನೂ ಅಲ್ಲ, ಪಟಿಕ. ಪಟಿಕವೆಂದರೆ ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂನ ಸಲ್ಫೇಟ್. ಚೀಟಿ ಸುಳ್ಳು ಹೇಳುತ್ತಿಲ್ಲ, ಪೂರ್ತಿ ಹೇಳುತ್ತಿಲ್ಲ. ವಾಸನೆಗೆ ಮಾತ್ರ ಪಟಿಕ ನಿಜಕ್ಕೂ ಒಳ್ಳೆಯದು, ಒದ್ದೆ ಮಾಡಿ ಐದಾರು ಸಲ ಸವರಿದರೆ ಆಯಿತು.

ತುಟಿ, ಕಣ್ಣು, ಉಗುರು

ಕೆಂಪು ಲಿಪ್‌ಸ್ಟಿಕ್‌ನ ಕಾರ್ಮೈನ್ ಬಣ್ಣ ಕೋಚಿನೀಲ್ ಎಂಬ ಕೀಟದಿಂದ ಬರುತ್ತದೆ. ಒಂದು ಪೌಂಡ್ ಬಣ್ಣಕ್ಕೆ ಸುಮಾರು 70,000 ಕೀಟಗಳೆಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಪಟ್ಟಿಯಲ್ಲಿ ಕಾರ್ಮೈನ್, ಕೋಚಿನೀಲ್, ನ್ಯಾಚುರಲ್ ರೆಡ್ 4, ಸಿಐ 75470 ಎಂಬ ಯಾವ ಹೆಸರಲ್ಲಾದರೂ ಇರಬಹುದು (ಸಿಐ ಎಂದರೆ ಬಣ್ಣಗಳ ಸೂಚಿಸಂಖ್ಯೆ). ಪಟ್ಟಿಯ ಕೊನೆಗೆ ಕೂಡಿಸು–ಕಳೆ ಗುರುತಿನ ನಂತರ ಬಂದಿದ್ದರೆ ಆ ಸಾಲಿನ ಯಾವುದೋ ಛಾಯೆಯಲ್ಲಿದೆ, ಕೈಯಲ್ಲಿರುವುದರಲ್ಲಿ ಇರಬೇಕೆಂದಿಲ್ಲ. ಖಚಿತಕ್ಕೆ ಕಂಪನಿಯನ್ನೇ ಕೇಳಬೇಕು. ಬದಲಿಗೆ ಬರುವ ಸಿಐ 15850 ಒಳ್ಳೆಯ ಕೆಂಪು ಕೊಡುತ್ತದೆ. ಸಿಐ 45410 ಇದ್ದರೆ ಲಿಪ್‌ಸ್ಟಿಕ್ ಒರೆಸಿದರೂ ತುಟಿಯ ಮೇಲೆ ಗುಲಾಬಿ ಕಲೆ ಉಳಿಯುತ್ತದೆ, ಇದು ಕೆಲವರಿಗೆ ಇಷ್ಟ, ಕೆಲವರಿಗೆ ಕಿರಿಕಿರಿ.

ಕಣ್ಣಿನ ಬಣ್ಣದಲ್ಲಿ ಕಾರ್ಮೈನ್‌ಗೆ ಬದಲಿ ಕಷ್ಟ. ಅಮೆರಿಕದಲ್ಲಿ ಕಣ್ಣಿನ ಸುತ್ತ ಬಳಸಲು ಕಾರ್ಮೈನ್‌ಗೆ ಅನುಮತಿಯಿದೆ, ಹಲವು ಕೃತಕ ಕೆಂಪುಗಳಿಗಿಲ್ಲ. ಅದಕ್ಕೇ ಕಡು ಗುಲಾಬಿಯ ಕೆಲವು ವೀಗನ್ ಐ ಶ್ಯಾಡೋ ಪ್ಯಾಲೆಟ್‌ಗಳ ಹಿಂದೆ ಸಣ್ಣಕ್ಷರದಲ್ಲಿ 'ಕಣ್ಣಿನ ಭಾಗಕ್ಕಲ್ಲ' ಎಂದಿರುತ್ತದೆ. ಐ ಶ್ಯಾಡೋ ರೂಪದಲ್ಲಿ ಕೊಟ್ಟು ಕಣ್ಣಿಗಲ್ಲ ಎನ್ನುವುದು ತಮಾಷೆಯೇ ಸರಿ, ಆದರೆ ಎಚ್ಚರಿಕೆಯನ್ನು ಪಾಲಿಸಿ.

ಲಿಪ್‌ಸ್ಟಿಕ್ ಗಟ್ಟಿಯಾಗುವುದಕ್ಕೆ ಕಾರಣ ಮೇಣ. ಜೇನುಮೇಣ 62–64 ಡಿಗ್ರಿಗೆ ಕರಗುತ್ತದೆ, ಮೆದುವಾಗಿ ಬಾಗುತ್ತದೆ. ಅದರ ಬದಲು ಹಾಕುವ ಕ್ಯಾಂಡೆಲಿಲ್ಲಾ 68–73ಕ್ಕೆ, ಕಾರ್ನೂಬಾ 82–86ಕ್ಕೆ ಕರಗುವಂಥವು, ಎರಡೂ ಪೆಡಸು. ಒಳ್ಳೆಯ ತಯಾರಕರು ಎಣ್ಣೆಯ ಪಾಲು ಹೆಚ್ಚಿಸಿ ಸರಿದೂಗಿಸುತ್ತಾರೆ, ಉಳಿದವರ ಕಡ್ಡಿ ತುಟಿಯನ್ನು ಎಳೆಯುತ್ತದೆ. ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಹೊರಗೆ ತಿರುಗಿಸದೆ, ಮೊದಲು ಮುಂಗೈ ಮೇಲೆ ಎರಡು ಸಲ ಸವರಿ ಬಿಸಿ ಮಾಡಿಕೊಂಡರೆ ಮುರಿಯುವುದಿಲ್ಲ.

ಹೊಳೆಯುವ ಉಗುರುಬಣ್ಣದಲ್ಲಿ ಗ್ವಾನಿನ್, ಅಂದರೆ ಸಿಐ 75170 ಇದ್ದರೆ ಅದು ಮೀನಿನ ಹುರುಪೆಯ ಹೊಳಪು. ಈಗ ಹೆಚ್ಚಿನವರು ಮೈಕಾ ಬಳಸುತ್ತಾರೆ. ಮೈಕಾ ಗಣಿಗಳಲ್ಲಿ ಮಕ್ಕಳ ದುಡಿಮೆ ಇರುವುದು ಗೊತ್ತಿರುವ ಸಂಗತಿ, ಮೊಲದ ಗುರುತು ಅದರ ಬಗ್ಗೆ ಏನೂ ಹೇಳುವುದಿಲ್ಲ. ಸಿಂಥೆಟಿಕ್ ಫ್ಲೋರ್‌ಫ್ಲೋಗೊಪೈಟ್ ಎಂದಿದ್ದರೆ ಅದು ಕೃತಕ ಮೈಕಾ, ಗಣಿಯದ್ದಲ್ಲ, ಕಾರ್ಖಾನೆಯದ್ದು.

ಟೂತ್‌ಪೇಸ್ಟ್ ಮತ್ತು ಸನ್‌ಸ್ಕ್ರೀನ್

ಟೂತ್‌ಪೇಸ್ಟ್‌ನಲ್ಲಿ ನೋಡಬೇಕಾದ್ದು ಒಂದೇ: ಫ್ಲೋರೈಡ್. ಕ್ರೂಯೆಲ್ಟಿ ಫ್ರೀ ಸಾಲಿನಲ್ಲಿ ಫ್ಲೋರೈಡ್ ಇಲ್ಲದವು ಬಹಳ, ಹುಳುಕು ತಡೆಯುವ ಕೆಲಸ ಅವುಗಳಿಂದ ಆಗದು. ಸೋಡಿಯಂ ಫ್ಲೋರೈಡ್, ಸ್ಟ್ಯಾನಸ್ ಫ್ಲೋರೈಡ್ ಅಥವಾ ಸೋಡಿಯಂ ಮೊನೊಫ್ಲೋರೊಫಾಸ್ಫೇಟ್, 1,000ದಿಂದ 1,500 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಫ್ಲೋರೈಡ್ ಇರಲಿ. ಮಾತ್ರೆ ರೂಪದವೂ ಫ್ಲೋರೈಡ್ ಇದ್ದರೆ ಪರವಾಗಿಲ್ಲ. ಇದ್ದಿಲಿನ ಪೇಸ್ಟ್ ಬೇಡ, ಉಜ್ಜಿ ಉಜ್ಜಿ ಎನಾಮೆಲ್ ಸವೆಯುತ್ತದೆ.

ಸನ್‌ಸ್ಕ್ರೀನ್ ಬಗ್ಗೆ ಒಂದು ತಪ್ಪುಕಲ್ಪನೆ ಇದೆ, ಪ್ರಾಣಿಪರೀಕ್ಷೆ ಇಲ್ಲದಿದ್ದರೆ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿ) ಸಂಖ್ಯೆಯನ್ನು ನಂಬುವಂತಿಲ್ಲ ಎಂದು. ಎಸ್‌ಪಿಎಫ್ ಅಳೆಯುವ ಬಹುಕಾಲದ ಮಾನ್ಯ ವಿಧಾನ ನಡೆಯುವುದು ಮನುಷ್ಯ ಸ್ವಯಂಸೇವಕರ ಬೆನ್ನಿನ ಮೇಲೆ, ಒಂದು ಚದರ ಸೆಂ.ಮೀ.ಗೆ 2 ಮಿ.ಗ್ರಾಂ ಹಚ್ಚಿ. ಮನೆಯಲ್ಲಿ ಜನ ಅದರ ಅರ್ಧವೂ ಹಚ್ಚುವುದಿಲ್ಲ, ಸಂಖ್ಯೆ ಕೈಕೊಡುವುದು ಅಲ್ಲಿ. ಮುಖಕ್ಕೆ ಕಾಲು ಟೀ ಚಮಚ, ಕುತ್ತಿಗೆಗೆ ಇನ್ನೊಂದು ಕಾಲು, ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಝಿಂಕ್ ಆಕ್ಸೈಡ್ ಒಂದನ್ನೇ ನಂಬಿದವು ಕಪ್ಪು, ಗೋಧಿ ಮೈಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುತ್ತವೆ. ಐರನ್ ಆಕ್ಸೈಡ್ ಸೇರಿಸಿದ, ಬಣ್ಣದ ಛಾಯೆಯುಳ್ಳವು ವಾಸಿ.

ಹೇರ್ ಡೈಗೆ ಹೆಚ್ಚು ಮಾತು ಬೇಡ. ಕ್ರೂಯೆಲ್ಟಿ ಫ್ರೀ ಡೈನಲ್ಲೂ ಪಿಪಿಡಿ ಎಂಬ ಬಣ್ಣದ ರಾಸಾಯನಿಕ ಇರಬಹುದು, ಅಲರ್ಜಿ ಅದಕ್ಕೆ ಆಗುವುದು. ಕಿವಿಯ ಹಿಂದೆ ಹಚ್ಚಿ 48 ಗಂಟೆ ನೋಡುವ ಪರೀಕ್ಷೆಯನ್ನು ಪ್ರತಿ ಸಲವೂ ಮಾಡಿ.

ಬ್ರಷ್

ಮೇಕಪ್ ಬ್ರಷ್ ಯಾರೂ ಯೋಚಿಸದ ಜಾಗ. ಮೇಕೆ, ಅಳಿಲು, ಕೊಲಿನ್ಸ್ಕಿ ಎಂಬ ಮುಂಗುಸಿಯಂಥ ಸಣ್ಣ ಪ್ರಾಣಿ, ಶೇವಿಂಗ್ ಬ್ರಷ್‌ಗೆ ಬ್ಯಾಜರ್: 'ನೈಸರ್ಗಿಕ ಕೂದಲು' ಎಂದರೆ ಇವೇ. ಸಿಂಥೆಟಿಕ್ ಬ್ರಷ್ ಕ್ರೀಮು, ಫೌಂಡೇಶನ್‌ಗಳಿಗೆ ಅದಕ್ಕಿಂತ ಮೇಲು, ಏಕೆಂದರೆ ದ್ರವವನ್ನು ಹೀರುವುದಿಲ್ಲ. ಒಣ ಪೌಡರ್ ವಿಷಯದಲ್ಲಿ ಪ್ರಾಣಿಯ ಕೂದಲಿನ ಮೇಲಿನ ಸಿಪ್ಪೆಗಳು ಪುಡಿಯನ್ನು ಹೆಚ್ಚು ಹಿಡಿಯುತ್ತವೆ, ಇದನ್ನು ಒಪ್ಪಲೇಬೇಕು. ಸಿಂಥೆಟಿಕ್‌ನಲ್ಲಿ ಎರಡು ಸಲ ಅದ್ದಬೇಕಾಗುತ್ತದೆ, ಅಷ್ಟೇ. ತೊಳೆಯುವಾಗ ಎಳೆಗಳು ಕೆಳಮುಖವಾಗಿರಲಿ, ಒಣಗಿಸುವಾಗ ಅಡ್ಡ ಮಲಗಿಸಿ. ನೀರು ಲೋಹದ ಕತ್ತಿನೊಳಗೆ ಇಳಿದರೆ ಅಂಟು ಬಿಟ್ಟು ಎಳೆಗಳು ಉದುರುತ್ತವೆ.

ಬ್ಯಾಜರ್ ಬಿಟ್ಟು ಸಿಂಥೆಟಿಕ್ ಶೇವಿಂಗ್ ಬ್ರಷ್ ಹಿಡಿದವರು ನೊರೆ ತೆಳುವಾಯಿತು ಎನ್ನುತ್ತಾರೆ. ಹಳೆಯ ಅಭ್ಯಾಸದಂತೆ ನೆನೆಹಾಕಿರುತ್ತಾರೆ. ಇದಕ್ಕೆ ನೆನೆ ಬೇಕಿಲ್ಲ. ಒದ್ದೆ ಮಾಡಿ, ಜೋರಾಗಿ ಕೊಡವಿ, ಸೋಪಿನ ಮೇಲೆ 15–20 ಸೆಕೆಂಡು ತಿರುಗಿಸಿ, ಆಮೇಲೆ ಹನಿ ಹನಿಯಾಗಿ ನೀರು ಸೇರಿಸಿ. ಯಾವ ಬ್ರಷ್ ಏನೆಂದು ಅನುಮಾನವಿದ್ದರೆ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲಾದರೆ ಸುಟ್ಟ ಕೂದಲ ನಾತ ಬಂದು ಬೂದಿಯಾಗುತ್ತದೆ, ಸಿಂಥೆಟಿಕ್ ಕರಗಿ ಗುಂಡಗೆ ಮಣಿಯಾಗುತ್ತದೆ.

ಬದಲಾಯಿಸುವ ಬಗೆ

ಮನೆಯಲ್ಲಿರುವುದನ್ನು ಎಸೆಯಬೇಡಿ, ಅದರ ಪರೀಕ್ಷೆ ಎಂದೋ ಆಗಿಹೋಗಿದೆ. ಬೇಗ ಖಾಲಿಯಾಗುವವುಗಳಿಂದ ಆರಂಭಿಸಿ: ಸೋಪು, ಪೇಸ್ಟ್, ಶ್ಯಾಂಪೂ. ಮೈಸೋಪಿನಲ್ಲಿ ಸೋಡಿಯಂ ಟ್ಯಾಲೋವೇಟ್ ಎಂದಿದ್ದರೆ ಅದು ಪ್ರಾಣಿಯ ಕೊಬ್ಬು. ಮೇಕಪ್ ಕೊನೆಗೆ ಬರಲಿ, ಮಸ್ಕಾರಾ ಒಂದನ್ನು ಬಿಟ್ಟು. ಅದನ್ನು ಹೇಗೂ ಮೂರು ತಿಂಗಳಿಗೆ ಬದಲಿಸಬೇಕು. ಒಂದು ಸಲಕ್ಕೆ ಒಂದೇ ವಸ್ತು, ಎರಡು ವಸ್ತುಗಳ ನಡುವೆ ಕನಿಷ್ಠ ಎರಡು ವಾರ. ಮುಖಕ್ಕೆ ಹಚ್ಚುವುದಾದರೆ ಮೊದಲು ಮೊಣಕೈ ಮಡಿಕೆಯ ಒಳಭಾಗದಲ್ಲಿ ದಿನಕ್ಕೆರಡು ಬಾರಿ, ಏಳರಿಂದ ಹತ್ತು ದಿನ. ಹೀಗೆ ಮಾಡಿದರೆ ಗುಳ್ಳೆ ಎದ್ದಾಗ ಯಾವುದರಿಂದ ಎಂದು ತಡಕಾಡಬೇಕಾಗಿಲ್ಲ. 'ಪ್ರಿಸರ್ವೇಟಿವ್ ಇಲ್ಲ' ಎಂಬ ನೀರಿನಂಶದ ಕ್ರೀಮನ್ನು ಬೆರಳದ್ದುವ ಡಬ್ಬಿಯಲ್ಲಿ ಕೊಟ್ಟರೆ ಕೊಳ್ಳಬೇಡಿ, ಬೂಸ್ಟು ಬರುತ್ತದೆ.

ಪಟ್ಟಿಯಲ್ಲಿ ಹೆಸರಿಲ್ಲದ ಕಂಪನಿಗೆ ಬರೆಯುವುದಾದರೆ 'ನಿಮ್ಮದು ಕ್ರೂಯೆಲ್ಟಿ ಫ್ರೀಯೇ?' ಎಂದು ಕೇಳಿ ಪ್ರಯೋಜನವಿಲ್ಲ, ಹೌದು ಎಂಬ ಅಚ್ಚಿನ ಉತ್ತರ ಬರುತ್ತದೆ. ಬಿಡಿಸಿ ಕೇಳಿ. ಸಿದ್ಧವಸ್ತುವನ್ನಾಗಲಿ ಕಚ್ಚಾವಸ್ತುವನ್ನಾಗಲಿ ನೀವು ಪ್ರಾಣಿಗಳ ಮೇಲೆ ಪರೀಕ್ಷಿಸುತ್ತೀರಾ? ನಿಮ್ಮ ಪರವಾಗಿ ಬೇರೆಯವರು ಪರೀಕ್ಷಿಸುತ್ತಾರೆಯೇ? ಸರಬರಾಜುದಾರರಿಂದ ಬರಹದಲ್ಲಿ ಖಾತರಿ ಪಡೆದಿದ್ದೀರಾ, ಯಾವ ದಿನಾಂಕದಿಂದ? ಪ್ರಾಣಿಪರೀಕ್ಷೆಯನ್ನು ಕಾನೂನು ಕೇಳುವ ಯಾವ ದೇಶದಲ್ಲಾದರೂ, ಯಾವ ವರ್ಗದ ವಸ್ತುವನ್ನು ಮಾರುತ್ತೀರಿ? ನಾಲ್ಕಕ್ಕೂ ನಾಲ್ಕು ಬೇರೆ ಉತ್ತರ ಕೊಟ್ಟವರನ್ನು ನಂಬಬಹುದು. ಮೂರನೆಯದನ್ನು ಹಾರಿಸಿ ಪ್ರಾಣಿಪ್ರೀತಿಯ ಬಗ್ಗೆ ಒಂದು ಪುಟ ಬರೆದವರ ವಸ್ತುವನ್ನು ಸದ್ಯಕ್ಕೆ ಬದಿಗಿಡಿ. ಒಪ್ಪಿಗೆಯಾದ ಬ್ರ್ಯಾಂಡುಗಳನ್ನೂ ವರ್ಷಕ್ಕೊಮ್ಮೆ ಪಟ್ಟಿಯಲ್ಲಿ ಮತ್ತೆ ನೋಡಿ, ನವೀಕರಣ ತಪ್ಪಿದವರ ಹೆಸರು ಸದ್ದಿಲ್ಲದೆ ಜಾರಿಹೋಗಿರುತ್ತದೆ, ಹಳೆಯ ಡಬ್ಬಿಯ ಮೇಲೆ ಮೊಲ ಮಾತ್ರ ಜಿಗಿಯುತ್ತಲೇ ಇರುತ್ತದೆ.